ಒಂದೇ ಮಳೆ, ಎರಡು ಹೊಲ

ಕೊಪ್ಪಳ ಜಿಲ್ಲೆಯ ಯಲಬುರ್ಗಾ ತಾಲೂಕಿನಲ್ಲಿ ಬೇವೂರು ಎಂಬ ಊರುಂಟು. ಯಲಬುರ್ಗಾ-ಕುಷ್ಟಗಿಗಳ ಆ ಸೀಮೆಯಲ್ಲಿ ಎರಡು ಬಗೆಯ ನೆಲವನ್ನು ಕಾಣುತ್ತೇವೆ. ಒಂದು ಕಪ್ಪನೆಯ ಎರೆ. ಇನ್ನೊಂದು ಕೆಂಪು ಮಸಾರಿ. ಎರಡಕ್ಕೂ ಆಧಾರ ಮಳೆಯೊಂದೇ. ಅದಾದರೂ ಎಷ್ಟು? ವರ್ಷಕ್ಕೆ ಸರಾಸರಿ ೬೦೦ ಮಿಲಿಮೀಟರಿನ ಆಸುಪಾಸು. ಮಲೆನಾಡಿನ ಆಗುಂಬೆಯಲ್ಲಿ ಮಳೆಗಾಲದ ಒಂದು ಜೋರಾದ ವಾರದಲ್ಲಿ ಇಷ್ಟು ಸುರಿದುಬಿಡುವುದುಂಟು! ಬೇವೂರಿನ ಸೀಮೆಗೆ ಈ ಸ್ವಲ್ಪವೂ ಹದವಾಗಿ ಹಂಚಿಕೊಂಡು ಬರುವುದಿಲ್ಲ. ಮುಂಗಾರು ಆಡುತ್ತ ಕಾಡುತ್ತ ಬಂದು, ಹುಬ್ಬೆ, ಉತ್ತರೆ, ಹಸ್ತಗಳ ಹೊತ್ತಿಗೆ ನಾಲ್ಕಾರು ಅಬ್ಬರದ ಮಳೆಗಳಲ್ಲಿ ಬಹುಪಾಲು ಸುರಿದು ಹೋಗುತ್ತದೆ.

ಅಂತಹ ಒಂದು ಉತ್ತರೆಯ ಸಂಜೆಯನ್ನು ವಾಚಕರು ಊಹಿಸಿಕೊಳ್ಳಲಿ. ಒಂದು ಗಂಟೆಯ ಕಾಲ ಮಳೆ ಹೊಡೆಯಿತು. ಮಳೆಮಾಪಕದಲ್ಲಿ ೫೦ ಮಿಲಿಮೀಟರ್ ನೀರು ನಿಂತಿತು. ಸಂಖ್ಯೆ ಸಣ್ಣದೆಂದು ತೋರಬಹುದು. ಆದರೆ ಒಂದು ಎಕರೆಯ ಮೇಲೆ ೫೦ ಮಿಲಿಮೀಟರ್ ಎಂದರೆ ಸುಮಾರು ಎರಡು ಲಕ್ಷ ಲೀಟರ್. ಹದಿನೈದು ಲೀಟರ್ ಹಿಡಿಯುವ ಕೊಡಗಳಲ್ಲಿ ಅಳೆದರೆ ಹದಿಮೂರು ಸಾವಿರ ಕೊಡಗಳಿಗೂ ಮಿಕ್ಕಿದ ನೀರು. ಮರುದಿನ ಬೆಳಿಗ್ಗೆ ಒಂದೇ ಒಡ್ಡಿನ ಆಚೆ ಈಚೆ ಇರುವ ಎರಡು ಎರೆ ಹೊಲಗಳಲ್ಲಿ ಗುದ್ದಲಿಯಿಂದ ಅಗೆದು ನೋಡಿದರೆ, ಒಂದರಲ್ಲಿ ಗೇಣುದ್ದ ಹಸಿ ಇಳಿದಿದೆ. ಇನ್ನೊಂದರಲ್ಲಿ ನಾಲ್ಕು ಬೆರಳು ಮಾತ್ರ. ಮಣ್ಣು ಒಂದೇ, ಮಳೆ ಒಂದೇ. ಉಳಿದ ನೀರು ಎಲ್ಲಿ ಹೋಯಿತು? ಹಳ್ಳದಲ್ಲಿ ಕಂದು ಬಣ್ಣದ ಪ್ರವಾಹವಾಗಿ, ಹೊಲದ ಮೇಲ್ಮಣ್ಣನ್ನೂ ಕೂಡಿಕೊಂಡು, ಹರಿದುಹೋಯಿತು.

ಈ ವ್ಯತ್ಯಾಸ ಕುತೂಹಲದ ವಿಷಯ ಮಾತ್ರವಲ್ಲ. ಎರೆ ಹೊಲದಲ್ಲಿ ಹಿಂಗಾರಿ ಜೋಳವನ್ನಾಗಲಿ ಕಡಲೆಯನ್ನಾಗಲಿ ಬಿತ್ತುವುದು ಈ ಮಳೆಗಳು ಮುಗಿಯುವ ಹೊತ್ತಿನಲ್ಲಿ. ಬಿತ್ತಿದ ಮೇಲೆ ಮೂರು ನಾಲ್ಕು ತಿಂಗಳು ಆಕಾಶದಿಂದ ಹೆಚ್ಚಿನದೇನನ್ನೂ ನಿರೀಕ್ಷಿಸುವಂತಿಲ್ಲ. ಮಣ್ಣಿನೊಳಗೆ ಕೂಡಿಟ್ಟ ನೀರನ್ನೇ ಬೇರು ದಿನದಿನವೂ ಆಳಕ್ಕೆ ಅರಸಿಕೊಂಡು ಹೋಗಿ ಕುಡಿಯಬೇಕು. ಒಂದು ಮೀಟರ್ ಆಳದ ಒಳ್ಳೆಯ ಎರೆ ಬೆಳೆಗೆ ದಕ್ಕುವಂತೆ ಸುಮಾರು ೨೦೦ ಮಿಲಿಮೀಟರ್ ನೀರನ್ನು ಹಿಡಿದಿಡಬಲ್ಲುದು. ಮಸಾರಿಗೆ ಅದರ ಅರ್ಧದಷ್ಟು ಶಕ್ತಿಯೂ ಇಲ್ಲ. ಆ ಉಗ್ರಾಣ ತುಂಬಿದ್ದರೆ ತೆನೆ ಕಾಳುಗಟ್ಟುತ್ತದೆ. ಅರೆ ತುಂಬಿದ್ದರೆ ದನಕ್ಕೆ ಕಣಿಕೆ ಸಿಕ್ಕೀತು, ಮನೆಗೆ ಜೋಳ ಸಿಕ್ಕದು.

ಹಾಗಾದರೆ ಉಗ್ರಾಣದ ಬಾಗಿಲು ಒಂದು ಹೊಲದಲ್ಲಿ ತೆರೆದೂ ಇನ್ನೊಂದರಲ್ಲಿ ಮುಚ್ಚಿಯೂ ಇರಲು ಕಾರಣವೇನು? ಇದಕ್ಕೆ ಉತ್ತರ ಮಣ್ಣಿನ ರಚನೆಯಲ್ಲಿದೆ. ಇಟ್ಟಿಗೆಯ ರಾಶಿಯೂ ಇಟ್ಟಿಗೆಯ ಮನೆಯೂ ಒಂದೇ ಪದಾರ್ಥದಿಂದ ಆದವು. ಆದರೆ ರಾಶಿಯೊಳಗೆ ನಾವು ವಾಸಿಸಲಾರೆವು. ಮನೆಯಲ್ಲಿ ಕೋಣೆ, ಬಾಗಿಲು, ಹಜಾರಗಳಿರುವುದರಿಂದ ವಾಸಿಸಬಲ್ಲೆವು. ಮಣ್ಣಿನಲ್ಲಿಯೂ ಹೀಗೆಯೇ. ಮರಳು, ಗೋಡು, ಜೇಡಿಗಳೆಂಬ ಕಣಗಳು ಬಿಡಿಬಿಡಿಯಾಗಿ ಒತ್ತರಿಸಿ ಕುಳಿತಾಗ ಒಂದು ಬಗೆ. ಅವು ಹರಳುಹರಳಾಗಿ ಕೂಡಿಕೊಂಡು, ಹರಳುಗಳ ನಡುವೆ ಓಣಿಗಳನ್ನು ಬಿಟ್ಟಾಗ ಇನ್ನೊಂದು ಬಗೆ. ಒಳ್ಳೆಯ ಹೊಲದ ಮೇಲ್ಮಣ್ಣಿನ ಗಾತ್ರದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಬರಿಯ ರಂಧ್ರ. ಆ ರಂಧ್ರಗಳಲ್ಲಿಯೇ ಗಾಳಿ, ನೀರು, ಬೇರು ಇವುಗಳ ಸಂಚಾರವೆಲ್ಲ.

ರಂಧ್ರಗಳ ಒಟ್ಟು ಗಾತ್ರಕ್ಕಿಂತಲೂ ಅವುಗಳ ಅಗಲ ಮುಖ್ಯವೆಂಬುದನ್ನು ಇಲ್ಲಿ ಗಮನಿಸಬೇಕು. ಸಣ್ಣ ನಳಿಗೆಗಳಲ್ಲಿ ದ್ರವ ಹರಿಯುವ ಬಗೆಯನ್ನು ೧೮೪೦ರ ಸುಮಾರಿಗೆ ಫ್ರಾನ್ಸಿನ ವೈದ್ಯನಾದ ಪ್ವಾಸ್ಯೆ ಎಂಬಾತ ಅಳೆದು ನೋಡಿದನು. ಅವನಿಗೆ ಬೇಕಾಗಿದ್ದುದು ರಕ್ತನಾಳಗಳ ವಿಚಾರ. ನಮಗೆ ಅದು ಹೊಲಕ್ಕೆ ಉಪಯೋಗವಾಗುತ್ತದೆ. ಅವನ ನಿಯಮದಂತೆ, ಉಳಿದುದೆಲ್ಲ ಸಮವಾಗಿದ್ದರೆ, ನಳಿಗೆಯ ಅಗಲ ಹತ್ತುಪಟ್ಟಾದರೆ ಹರಿವು ಹತ್ತುಪಟ್ಟಾಗುವುದಲ್ಲ; ಹತ್ತರ ನಾಲ್ಕನೆಯ ಘಾತ, ಅಂದರೆ ಹತ್ತು ಸಾವಿರ ಪಟ್ಟು ಆಗುತ್ತದೆ. ಒಂದು ಮಿಲಿಮೀಟರ್ ಅಗಲದ ಒಂದೇ ರಂಧ್ರ, ಅದರ ಹತ್ತನೆಯ ಒಂದಂಶ ಅಗಲದ ಹತ್ತು ಸಾವಿರ ರಂಧ್ರಗಳಷ್ಟು ನೀರನ್ನು ಕೆಳಗಿಳಿಸುತ್ತದೆ. ಸತ್ತ ಬೇರು ಕೊಳೆತು ಉಳಿದ ದಾರಿ, ಎರೆಹುಳು ಕೊರೆದ ಸುರಂಗ, ಇರುವೆಯ ಬಿಲ, ಇವನ್ನು ಅಳಿಸಿಹಾಕುವ ಬೇಸಾಯ ಎಷ್ಟು ದೊಡ್ಡ ನಷ್ಟವನ್ನು ತರುತ್ತದೆಂದು ಈಗ ಊಹಿಸಬಹುದು. ಆದರೆ ಸಣ್ಣ ರಂಧ್ರಗಳು ವ್ಯರ್ಥವೆಂದು ಭಾವಿಸಬಾರದು. ದೊಡ್ಡವು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುತ್ತವೆ. ಗುರುತ್ವದ ಎಳೆತವನ್ನು ಮೀರಿ ಅದನ್ನು ಹಿಡಿದು, ಮಾಘಮಾಸದವರೆಗೆ ಬೇರಿಗೆ ಒದಗಿಸುವವು ಸಣ್ಣವೇ.

ಇನ್ನು ಎರೆಯ ವಿಶೇಷವನ್ನು ನೋಡೋಣ. ಇದರ ಜೇಡಿಯಲ್ಲಿ ಹೆಚ್ಚಾಗಿರುವುದು ಮಾಂಟ್‌ಮೊರಿಲೊನೈಟ್ ಗುಂಪಿನ ಖನಿಜ. ಫ್ರಾನ್ಸಿನ ಮಾಂಟ್‌ಮೊರಿಲೊನ್ ಎಂಬ ಊರಿನಿಂದ ಬಂದ ಹೆಸರು ಅದು. ಇದರ ರಚನೆ ಹೊತ್ತಗೆಯ ಹಾಳೆಗಳಂತೆ. ಹಾಳೆ ಹಾಳೆಗಳ ನಡುವೆ ನೀರು ನುಗ್ಗಬಲ್ಲುದು. ಒಂದು ಗ್ರಾಂ ಖನಿಜದ ಹಾಳೆಗಳನ್ನೆಲ್ಲ ಬಿಡಿಸಿ ಹರಡಿದರೆ ಅವುಗಳ ಮೇಲ್ಮೈ ಸುಮಾರು ೭೦೦ ಚದರ ಮೀಟರಿನಷ್ಟಾಗುತ್ತದೆ. ನೀರು ಸೇರಿದಾಗ ಹೊತ್ತಗೆ ಉಬ್ಬುತ್ತದೆ, ಆರಿದಾಗ ಕುಗ್ಗುತ್ತದೆ. ಬೇಸಗೆಯಲ್ಲಿ ಎರೆ ಹೊಲ ಬಾಯ್ಬಿಟ್ಟು, ಕೈ ತೂರುವಷ್ಟು ಅಗಲದ ಬಿರುಕುಗಳು ಒಂದು ಮೀಟರಿನವರೆಗೂ ಇಳಿಯುವುದು ಇದರಿಂದಲೇ. ಮೇಲಿನ ಮಣ್ಣು ಈ ಬಿರುಕುಗಳಲ್ಲಿ ಉದುರಿ, ಮಳೆಗಾಲದಲ್ಲಿ ಕೆಳಗಿನದು ಉಬ್ಬಿ ಮೇಲೇರಿ, ನೆಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ. ಹಿಂದಿನವರು ಎರೆ ಹೊಲಕ್ಕೆ ವರ್ಷವರ್ಷವೂ ನೇಗಿಲು ಹೂಡದೆ ಕುಂಟೆಯಿಂದಲೇ ತೃಪ್ತರಾಗಿದ್ದುದು ಸೋಮಾರಿತನವೆಂದು ಬರೆದ ಅಧಿಕಾರಿಗಳೂ ಇದ್ದರು. ನೆಲವೇ ಉಳುವ ಕೆಲಸವನ್ನು ಮಾಡುತ್ತಿರುವಾಗ ಎತ್ತುಗಳನ್ನು ದಣಿಸುವುದೇಕೆ ಎಂಬುದು ರೈತನ ಲೆಕ್ಕವಾಗಿದ್ದಿರಬೇಕು.

ಮೊದಲ ಮಳೆಯ ನೀರು ಬಿರುಕುಗಳಲ್ಲಿ ಗಟಗಟನೆ ಇಳಿದುಹೋಗುತ್ತದೆ. ಆದರೆ ಮಣ್ಣು ನೆನೆದು ಉಬ್ಬಿದೊಡನೆ ಬಿರುಕು ಮುಚ್ಚುತ್ತದೆ. ಅಲ್ಲಿಂದ ಮುಂದೆ ನೀರು ಇಂಗುವ ವೇಗ ಗಂಟೆಗೆ ಒಂದೆರಡು ಮಿಲಿಮೀಟರಿಗೆ, ಕೆಲವೆಡೆ ಅದಕ್ಕಿಂತಲೂ ಕೆಳಕ್ಕೆ, ಬಂದು ನಿಲ್ಲುತ್ತದೆ. ಈಗ ನಮ್ಮ ಉತ್ತರೆಯ ಮಳೆಯನ್ನು ನೆನೆಯೋಣ. ಗಂಟೆಗೆ ಎರಡು ಮಿಲಿಮೀಟರ್ ಕುಡಿಯುವ ನೆಲ ಐವತ್ತು ಮಿಲಿಮೀಟರನ್ನು ಕುಡಿದು ಮುಗಿಸಲು ಇಪ್ಪತ್ತೈದು ಗಂಟೆ ಬೇಕು. ಮಳೆ ಇರುವುದು ಒಂದು ಗಂಟೆ!

ಮಸಾರಿಯ ಕಾಯಿಲೆ ಇದಕ್ಕೆ ವಿರುದ್ಧವಾದುದು. ಅದರ ಜೇಡಿ ಬಹುಪಾಲು ಕೇಯೊಲಿನೈಟ್. ಹಾಳೆಗಳು ಬಿಗಿಯಾಗಿ ಅಂಟಿಕೊಂಡಿರುವುದರಿಂದ ಉಬ್ಬುವುದಿಲ್ಲ. ಮರಳು ಬೆರೆತ ಈ ನೆಲಕ್ಕೆ ನೀರನ್ನು ಬೇಗನೆ ಇಂಗಿಸಿಕೊಳ್ಳುವ ಶಕ್ತಿಯುಂಟು. ಆದರೆ ಬರಿನೆಲದ ಮೇಲೆ ಮಳೆ ಹೊಡೆದರೆ ಹರಳುಗಳು ಒಡೆದು, ನುಣುಪಾದ ಕಣಗಳು ರಂಧ್ರಗಳ ಬಾಯಿಗೆ ತುಂಬಿ, ಒಣಗಿದಾಗ ಹೊಲವೆಲ್ಲ ಹಕ್ಕಳೆಗಟ್ಟುತ್ತದೆ. ಒಂದೆರಡು ಮಿಲಿಮೀಟರ್ ದಪ್ಪದ ಆ ಹಕ್ಕಳೆ ಇಡೀ ಹೊಲಕ್ಕೆ ಬೀಗ ಹಾಕಿದಂತೆ. ಅದರ ಕೆಳಗೆ ಮೊಳೆತ ಸಜ್ಜೆಯ ಸಸಿ ಮೇಲಕ್ಕೆ ಬರಲಾರದೆ ಸೊಟ್ಟಗಾಗಿ ಸಾಯುವುದನ್ನು ಮಸಾರಿಯ ರೈತರೆಲ್ಲರೂ ಬಲ್ಲರು.

ಮಳೆಯ ಹನಿಗೆ ಅಷ್ಟು ಬಲವೆಲ್ಲಿಂದ ಬಂತು ಎಂದು ಕೇಳಬಹುದು. ಐದು ಮಿಲಿಮೀಟರ್ ವ್ಯಾಸದ ದೊಡ್ಡ ಹನಿ ಸೆಕೆಂಡಿಗೆ ಸುಮಾರು ಒಂಬತ್ತು ಮೀಟರ್ ವೇಗದಲ್ಲಿ ನೆಲಕ್ಕಪ್ಪಳಿಸುತ್ತದೆ. ಮಣ್ಣಿನ ಸವಕಳಿಗೆ ಹರಿಯುವ ನೀರೇ ಕಾರಣವೆಂದು ಬಹುಕಾಲ ನಂಬಿದ್ದರು. ೧೯೪೦ರ ದಶಕದಲ್ಲಿ ಅಮೆರಿಕದ ಎಲಿಸನ್ ಎಂಬ ವಿಜ್ಞಾನಿಯು ಹನಿಯ ಏಟಿಗೆ ಮಣ್ಣು ಹೇಗೆ ಸಿಡಿಯುತ್ತದೆಂಬುದನ್ನು ಅಳೆದು ತೋರಿಸಿದ ಮೇಲೆ, ಹನಿಯ ಹೊಡೆತವೇ ಮೊದಲ ಅಪರಾಧಿಯೆಂಬುದು ಖಚಿತವಾಯಿತು. ಎಲೆಯ ಮೇಲಾಗಲಿ ಕೂಳೆ ಕಸದ ಮೇಲಾಗಲಿ ಬಿದ್ದ ಹನಿ ಪುಡಿಯಾಗಿ ಮೆಲ್ಲನೆ ಇಳಿಯುತ್ತದೆ. ಅಂಗಳದ ಸೂರಿನ ಕೆಳಗೆ ಹನಿ ಬೀಳುವ ಕಡೆ ಸಾಲುಗುಳಿಗಳು ಬೀಳುವುದನ್ನೂ, ಗೋಡೆಗೆ ಮೊಣಕಾಲೆತ್ತರ ಕೆಸರು ಸಿಡಿದಿರುವುದನ್ನೂ ನೋಡಿದವರಿಗೆ ಈ ಮಾತು ಹೊಸದಲ್ಲ.

ಹೊಲವನ್ನು ನಾವು ಬಳಸುವ ರೀತಿ ಇಲ್ಲಿಯೇ ಪ್ರವೇಶಿಸುತ್ತದೆ. ಆಳವಾದ ಎರೆಯನ್ನು ಮುಂಗಾರಿನಲ್ಲಿ ಬರಿದು ಬಿಟ್ಟು, ಕಳೆ ಬಾರದಂತೆ ಮತ್ತೆ ಮತ್ತೆ ಕುಂಟೆ ಹೊಡೆದು, ಹಿಂಗಾರಿಗೆ ಬಿತ್ತುವುದು ದಖನ್ನಿನ ಹಳೆಯ ಪದ್ಧತಿ. ಅದಕ್ಕೆ ತಕ್ಕ ಕಾರಣಗಳೂ ಇವೆ: ಮುಂಗಾರು ನಂಬಿಕೆಗೆ ಅರ್ಹವಲ್ಲ, ನೆನೆದ ಎರೆಯಲ್ಲಿ ಎತ್ತಿನ ಕಾಲು ಹೂಳುತ್ತದೆ, ಕೂರಿಗೆಗೆ ಮಣ್ಣು ಮೆತ್ತುತ್ತದೆ. ಆದರೆ ಇದರ ಬೆಲೆಯೇನು? ಹೈದರಾಬಾದಿನ ಬಳಿ ಪಟಾನ್‌ಚೆರುವಿನಲ್ಲಿ ೧೯೭೨ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆಯು ೧೯೭೬ರಿಂದ ಇಂತಹ ಕಪ್ಪು ನೆಲದಲ್ಲಿ ಎರಡು ಪದ್ಧತಿಗಳನ್ನು ಅಕ್ಕಪಕ್ಕದಲ್ಲಿಟ್ಟು ದೀರ್ಘಕಾಲ ಅಳೆಯಿತು. ಒಂದರಲ್ಲಿ ಹಳೆಯ ರೀತಿಯಂತೆ ಮುಂಗಾರಿನ ಬರಿನೆಲ. ಇನ್ನೊಂದರಲ್ಲಿ ಅಗಲವಾದ ಏರುಮಡಿ, ನಡುನಡುವೆ ಸಾಲುಗಾಲುವೆ, ಮುಂಗಾರಿನಿಂದಲೇ ಬೆಳೆಯ ಹೊದಿಕೆ. ಬರಿನೆಲದಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು ಆರೂವರೆ ಟನ್ ಮಣ್ಣು ಕೊಚ್ಚಿಹೋದರೆ, ಹೊದಿಕೆಯಿದ್ದ ನೆಲದಿಂದ ಹೋದುದು ಸುಮಾರು ಒಂದೂವರೆ ಟನ್. ಹರಿದುಹೋದ ನೀರೂ ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು.

ಆದರೆ ಪಟಾನ್‌ಚೆರುವಿನ ಪಾಠವನ್ನು ಬೇವೂರಿಗೆ ಹಾಗೆಯೇ ಹೊತ್ತು ತರುವುದು ವಿವೇಕವಲ್ಲ. ಅಲ್ಲಿನ ಮಳೆ ಇಲ್ಲಿಗಿಂತ ಹೆಚ್ಚು. ಮುಂಗಾರಿನ ಬೆಳೆ ಕುಡಿದ ನೀರು ಹಿಂಗಾರಿಗೆ ಉಳಿಯುವುದಿಲ್ಲ ಎಂಬ ರೈತನ ಭಯ ಇಲ್ಲಿ ನಿಜವಾದುದು. ಹೆಸರಿನಂತಹ ಎರಡು ಎರಡೂವರೆ ತಿಂಗಳ ಬೆಳೆಯನ್ನು ಬೇಗನೆ ಬಿತ್ತಿ ಬೇಗನೆ ಕಿತ್ತು, ಆಮೇಲೆ ಜೋಳವನ್ನೋ ಕಡಲೆಯನ್ನೋ ಬಿತ್ತುವ ವಾಡಿಕೆ ಈ ಕಡೆ ಹಲವೆಡೆ ಬಳಕೆಯಲ್ಲಿರುವುದು ಈ ಎರಡು ಭಯಗಳ ನಡುವಿನ ರಾಜಿ. ಮುಂಗಾರು ಚೆನ್ನಾಗಿ ಹಿಡಿದ ವರ್ಷ ಅದು ಗೆಲ್ಲುತ್ತದೆ; ಹಿಡಿಯದ ವರ್ಷ ಸೋಲುತ್ತದೆ.

ಹೊಲಕ್ಕೆ ಮರಳಿ ಹೋಗಬೇಕಾದ ಪದಾರ್ಥದ ಕತೆ ಇನ್ನೂ ಕಷ್ಟದ್ದು. ಮಣ್ಣಿನ ಹರಳುಗಳನ್ನು ಕೂಡಿಸಿ ಹಿಡಿಯುವ ಗಾರೆ ಯಾವುದೆಂದರೆ, ಕೊಳೆತ ಸಸ್ಯಾಂಶ, ಸೂಕ್ಷ್ಮಜೀವಿಗಳು ಸ್ರವಿಸುವ ಅಂಟು, ಶಿಲೀಂಧ್ರಗಳ ನೂಲಿನಂತಹ ಎಳೆಗಳು, ಎಳೆಬೇರುಗಳು. ಆದರೆ ಜೋಳ ಕೊಯ್ದ ಮೇಲೆ ಕಣಿಕೆಯೆಲ್ಲ ಬಣವೆಗೆ. ಉಳಿದ ಕೂಳೆ ದನಕುರಿಗಳ ಬಾಯಿಗೆ ಅಥವಾ ಒಲೆಗೆ. ಸಗಣಿಯ ಒಂದು ಪಾಲು ಕುಳ್ಳಾಗುತ್ತದೆ. ಹಸಿದ ಎತ್ತಿನ ಮುಂದಿನ ಮೇವನ್ನು ಎಳೆದು ಮಣ್ಣಿಗೆ ಹಾಕಿರೆಂದು ಉಪದೇಶಿಸುವುದು ಪಟ್ಟಣದಲ್ಲಿ ಕುಳಿತವರಿಗೆ ಸುಲಭ. ಎತ್ತುಗಳ ಸಂಖ್ಯೆ ಇಳಿದಂತೆ ಗೊಬ್ಬರವೂ ಇಳಿಯಿತು. ಅವುಗಳ ಸ್ಥಾನದಲ್ಲಿ ಟ್ರ್ಯಾಕ್ಟರ್ ಬಂದಿತು. ಟ್ರ್ಯಾಕ್ಟರನ್ನು ನಾವು ಹಳಿಯುವುದಿಲ್ಲ. ಹದ ತಪ್ಪುವ ಮೊದಲೇ ಬಿತ್ತನೆ ಮುಗಿಸಿಕೊಡುವ ಅದರ ಉಪಕಾರ ದೊಡ್ಡದು. ಆದರೆ ನೆಲ ಇನ್ನೂ ಹಸಿಯಾಗಿರುವಾಗಲೇ ಹಲವು ಟನ್ನಿನ ಭಾರ ಅದರ ಮೇಲೆ ಹಾಯ್ದರೆ ಗಾಲಿಯ ಕೆಳಗಿನ ದೊಡ್ಡ ರಂಧ್ರಗಳೇ ಮೊದಲು ಕುಸಿಯುತ್ತವೆ. ಪ್ವಾಸ್ಯೆಯ ನಾಲ್ಕನೆಯ ಘಾತವನ್ನು ಇಲ್ಲಿ ಮರೆಯಬಾರದು. ಪ್ರತಿವರ್ಷ ಒಂದೇ ಆಳಕ್ಕೆ ಉಳುವುದರಿಂದ ಆ ಆಳದ ಕೆಳಗೆ ಒಂದು ಬಿಗಿಯಾದ ಪದರವೂ ಏರ್ಪಡುತ್ತದೆ. ಎರೆಯಾದರೆ ಉಬ್ಬಿ ಕುಗ್ಗಿ ಈ ಗಾಯವನ್ನು ಸ್ವಲ್ಪಮಟ್ಟಿಗೆ ತಾನೇ ವಾಸಿಮಾಡಿಕೊಳ್ಳುತ್ತದೆ. ಮಸಾರಿಗೆ ಆ ಭಾಗ್ಯವಿಲ್ಲ.

ಒಣ ಬೇಸಾಯದ ಈ ಸಮಸ್ಯೆಗಳ ಕಡೆಗೆ ಸರಕಾರಗಳ ಗಮನ ಹರಿದುದು ಬರಗಾಲಗಳ ಪೆಟ್ಟಿನಿಂದ. ೧೯೩೩-೩೫ರ ಅವಧಿಯಲ್ಲಿ ಭಾರತದಲ್ಲಿ ಐದು ಒಣ ಬೇಸಾಯ ಸಂಶೋಧನಾ ಕೇಂದ್ರಗಳನ್ನು ತೆರೆದರು: ಸೊಲ್ಲಾಪುರ, ಬಿಜಾಪುರ, ಹಗರಿ, ರಾಯಚೂರು, ರೋಹ್ಟಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದಲ್ಲಿವೆ. ಅಂದು ಅವು ಮುಂಬಯಿ, ಮದರಾಸು, ಹೈದರಾಬಾದು ಎಂಬ ಮೂರು ಬೇರೆ ಬೇರೆ ಆಡಳಿತಗಳಿಗೆ ಸೇರಿದ್ದವು. ಯಲಬುರ್ಗಾ ಸೀಮೆ ಆಗ ನಿಜಾಮರ ರಾಜ್ಯದಲ್ಲಿತ್ತು. ಮುಂದೆ ೧೯೫೪ರಲ್ಲಿ ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರಿನ ಸಂರಕ್ಷಣೆಯ ಸಂಶೋಧನೆಗಾಗಿಯೇ ಒಂದು ಕೇಂದ್ರ ಏರ್ಪಟ್ಟಿತು.

ಈ ಕೇಂದ್ರಗಳ ಅನುಭವದಿಂದ ದೊರೆತ ಒಂದು ಪಾಠ ಬಹಳ ಸ್ವಾರಸ್ಯವಾದುದು. ಇಳಿಜಾರಿಗೆ ಅಡ್ಡಲಾಗಿ, ಸಮಪಾತಳಿಯಲ್ಲಿ ಒಡ್ಡು ಹಾಕಿದರೆ ನೀರು ನಿಂತು ಇಂಗುತ್ತದೆಂಬುದು ಎಲ್ಲರಿಗೂ ತೋರುವ ಯುಕ್ತಿ. ಮಸಾರಿಯಲ್ಲಿ ಅದು ಸರಿಯಾಗಿಯೇ ಕೆಲಸ ಮಾಡಿತು. ಆಳವಾದ ಎರೆಯಲ್ಲಿ ಅದೇ ಒಡ್ಡು ಕೈಕೊಟ್ಟಿತು! ಒಡ್ಡಿನ ಹಿಂದೆ ನಿಂತ ನೀರು ದಿನಗಟ್ಟಲೆ ಇಂಗದೆ ಬೆಳೆಯನ್ನು ಕೊಳೆಸಿತು. ಎರೆಮಣ್ಣಿನಿಂದಲೇ ಕಟ್ಟಿದ ಒಡ್ಡು ಬೇಸಗೆಯಲ್ಲಿ ಬಿರುಕುಬಿಟ್ಟು, ಮುಂದಿನ ವರ್ಷದ ಮೊದಲ ದೊಡ್ಡ ಮಳೆಯ ನೀರು ಆ ಬಿರುಕಿನಲ್ಲಿ ಹೊಕ್ಕು ಒಡ್ಡನ್ನೇ ಒಡೆಯಿತು. ಒಂದು ಒಡ್ಡು ಒಡೆದರೆ ಕೆಳಗಿನ ಹೊಲಗಳ ಒಡ್ಡುಗಳೂ ಸಾಲಾಗಿ ಹೋಗುತ್ತವೆಂದು ಬೇರೆ ಹೇಳಬೇಕಾದ್ದಿಲ್ಲ. ಆದ್ದರಿಂದ ಎರೆಗೆ ಸ್ವಲ್ಪ ಇಳಿಜಾರು ಕೊಟ್ಟು ಹೆಚ್ಚಿನ ನೀರನ್ನು ಮೆಲ್ಲನೆ ಹೊರಬಿಡುವ ಒಡ್ಡುಗಳು ಲೇಸೆಂದು ಕಂಡುಬಂದಿತು. ಅದರ ಜೊತೆಗೆ ಚೌಕುಮಡಿ. ಮುಂಗಾರಿನಲ್ಲಿ ಹೊಲವನ್ನೆಲ್ಲ ಐದಾರು ಮೀಟರಿನ ಚೌಕಗಳಾಗಿ ಸಣ್ಣ ಬದುಗಳಿಂದ ವಿಂಗಡಿಸುವುದೇ ಈ ಪದ್ಧತಿ. ದೊಡ್ಡ ಒಡ್ಡಿನ ಹಿಂದೆ ಮೊಣಕಾಲುದ್ದ ನಿಲ್ಲುತ್ತಿದ್ದ ನೀರು ಇಲ್ಲಿ ಹೊಲದುದ್ದಕ್ಕೂ ಎರಡು ಬೆರಳಿನಷ್ಟು ತೆಳ್ಳಗೆ ಹರಡಿ ನಿಲ್ಲುತ್ತದೆ. ಎರೆ ಕೇಳುವುದು ಕಾಲಾವಕಾಶವನ್ನು. ಇಪ್ಪತ್ತೈದು ಗಂಟೆಗಳ ಆ ಅವಕಾಶವನ್ನು ಚೌಕುಮಡಿ ಒದಗಿಸುತ್ತದೆ. ಬಿತ್ತನೆಯ ಹೊತ್ತಿಗೆ ಕುಂಟೆ ಎಳೆದು ಬದುಗಳನ್ನು ಅಳಿಸಿಬಿಟ್ಟರಾಯಿತು.

ನೀರಿನ ಕೊರತೆಯ ಮಾತು ಇದಾಯಿತು. ಅದೇ ಜಿಲ್ಲೆಯ ಗಂಗಾವತಿಯ ಕಡೆ ಹೊರಟರೆ ತಲೆಕೆಳಗಾದ ಚಿತ್ರವೊಂದು ಎದುರಾಗುತ್ತದೆ. ೧೯೫೩ರಲ್ಲಿ ತುಂಗಭದ್ರಾ ಜಲಾಶಯದ ನೀರು ಕಾಲುವೆಗಳಿಗೆ ಹರಿಯಿತು. ಎಡದಂಡೆಯ ಯೋಜನೆಯಲ್ಲಿ ಬಹುಪಾಲು ಪ್ರದೇಶಕ್ಕೆ ಮಿತವಾದ ನೀರನ್ನು ಕೊಟ್ಟು, ಜೋಳ ಹತ್ತಿಗಳಂತಹ ಬೆಳೆಗಳನ್ನು ಬರದಿಂದ ಉಳಿಸುವುದೇ ಉದ್ದೇಶವಾಗಿತ್ತು. ಆದರೆ ನೀರು ಮೊದಲು ಮುಟ್ಟುವ ಕಡೆಗಳಲ್ಲಿ ಭತ್ತ ಹಬ್ಬಿತು. ಭತ್ತದ ಗದ್ದೆಯಲ್ಲಿ ಮಣ್ಣಿನ ರಚನೆಯನ್ನು ಬೇಕೆಂದೇ ಕೆಡಿಸುತ್ತಾರೆ. ನೀರು ಕೆಳಗಿಳಿಯಬಾರದೆಂದು ತುಳಿದು ಕಲಸಿ ಕೆಸರು ಮಾಡುತ್ತಾರೆ. ಆದರೂ ಕಾಲುವೆಗಳಿಂದಲೂ ಗದ್ದೆಗಳಿಂದಲೂ ಜಿನುಗಿದ ನೀರು ಅಂತರ್ಜಲವನ್ನು ವರ್ಷವರ್ಷವೂ ಮೇಲಕ್ಕೆ ಎತ್ತಿತು. ಅದು ಒಂದೆರಡು ಮೀಟರಿನಷ್ಟು ಹತ್ತಿರಕ್ಕೆ ಬಂದಾಗ, ಬತ್ತಿ ಎಣ್ಣೆಯನ್ನು ಏರಿಸಿಕೊಳ್ಳುವಂತೆ ಸಣ್ಣ ರಂಧ್ರಗಳು ಅದನ್ನು ಮೇಲ್ಮೈಗೆ ಏರಿಸುತ್ತವೆ. ನೀರು ಆವಿಯಾಗುತ್ತದೆ, ಉಪ್ಪು ನೆಲದಲ್ಲಿ ಉಳಿಯುತ್ತದೆ. ಜನ ಇದನ್ನು ಸವಳು-ಜವಳು ಎನ್ನುತ್ತಾರೆ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಹೀಗೆ ಕೆಟ್ಟ ನೆಲ ಸುಮಾರು ೯೬ ಸಾವಿರ ಹೆಕ್ಟೇರ್ ಎಂಬುದು ವಿಜ್ಞಾನಿಗಳ ಅಂದಾಜು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ ಇಂತಹ ನೆಲಗಳ ಸುಧಾರಣೆಯೇ ಒಂದು ಮುಖ್ಯ ಕೆಲಸವಾಗಿದೆ. ನೆಲದೊಳಗೆ ರಂಧ್ರವಿರುವ ಕೊಳವೆಗಳನ್ನು ಹೂಳಿ ಉಪ್ಪುನೀರನ್ನು ಬಸಿಯುವ ಪ್ರಯೋಗ ಅದರಲ್ಲಿ ಸೇರಿದೆ.

ಉಪ್ಪುಗಳಲ್ಲಿ ಸೋಡಿಯಂ ಹೆಚ್ಚಿದರೆ ಕೇಡು ಇಮ್ಮಡಿಯಾಗುತ್ತದೆ. ಜೇಡಿಯ ಕಣಗಳು ಋಣವಿದ್ಯುತ್ತುಳ್ಳವು. ಎರಡು ಧನಾಂಶಗಳುಳ್ಳ ಕ್ಯಾಲ್ಸಿಯಂ ಅವನ್ನು ಹತ್ತಿರಕ್ಕೆಳೆದು ಕೂಡಿಸಿ ಹಿಡಿಯುತ್ತದೆ. ಒಂದೇ ಧನಾಂಶದ ಸೋಡಿಯಂ ಆ ಸ್ಥಾನವನ್ನು ಆಕ್ರಮಿಸಿದರೆ ಹಿಡಿತ ಸಡಿಲಿ, ಹರಳು ಕರಗಿ, ಬಿಡಿಕಣಗಳು ರಂಧ್ರಗಳನ್ನು ಮುಚ್ಚುತ್ತವೆ. ಅಂತಹ ಹೊಲಕ್ಕೆ ಜಿಪ್ಸಂ ಹಾಕುವುದರ ಮರ್ಮ ಇದೇ: ಅದು ಕ್ಯಾಲ್ಸಿಯಂ ಸಲ್ಫೇಟು. ಆದರೆ ಹೊರಗೋಡಿಸಿದ ಸೋಡಿಯಂ ನೀರಿನೊಡನೆ ಬಸಿದುಹೋಗಲು ದಾರಿಯಿಲ್ಲದಿದ್ದರೆ ಜಿಪ್ಸಂ ಒಂದೇ ಏನನ್ನೂ ಮಾಡಲಾರದು.

ಇವನ್ನೆಲ್ಲ ವಿದ್ಯಾರ್ಥಿಗಳು ಕಣ್ಣಾರೆ ನೋಡಬಹುದು, ಖರ್ಚೇನೂ ಇಲ್ಲ. ಗೋಲಿಯಷ್ಟು ದಪ್ಪದ, ಚೆನ್ನಾಗಿ ಒಣಗಿದ ಎರಡು ಹೆಂಟೆಗಳನ್ನು ತನ್ನಿ. ಒಂದು ಬಹುಕಾಲ ಹುಲ್ಲು ಬೆಳೆದ ಬದುವಿನಿಂದ, ಇನ್ನೊಂದು ಅದರ ಪಕ್ಕದ ಉತ್ತ ಹೊಲದಿಂದ. ಎರಡು ಗಾಜಿನ ಲೋಟಗಳ ನೀರಿನಲ್ಲಿ ಮೆಲ್ಲನೆ ಇಳಿಬಿಡಿ. ಉತ್ತ ಹೊಲದ್ದು ಕೆಲವೇ ನಿಮಿಷಗಳಲ್ಲಿ ಉದುರಿ ಕುಪ್ಪೆಯಾದರೆ, ಬದುವಿನದು ಬಹಳ ಹೊತ್ತು ಉಂಡೆಯಾಗಿಯೇ ಉಳಿಯುವುದನ್ನು ಕಾಣುವಿರಿ. ಇನ್ನೊಂದು ಪ್ರಯೋಗ: ಎರೆಯನ್ನು ಕದಡಿದ ನೀರನ್ನು ಮೂರು ಲೋಟಗಳಿಗೆ ಹಂಚಿ, ಒಂದಕ್ಕೆ ಚಿಟಿಕೆ ಜಿಪ್ಸಂ, ಒಂದಕ್ಕೆ ಚಿಟಿಕೆ ವಾಷಿಂಗ್ ಸೋಡಾ ಹಾಕಿ ಕಲಕಿ, ಮೂರನೆಯದನ್ನು ಹಾಗೆಯೇ ಬಿಡಿ. ಯಾವುದು ಮೊದಲು ತಿಳಿಯಾಗುತ್ತದೆ, ಯಾವುದು ಮರುದಿನವೂ ಬಗ್ಗಡವಾಗಿರುತ್ತದೆ ಎಂಬುದನ್ನು ಬರೆದಿಡಿ. ಎರಡೂ ಬದಿ ತೆರೆದ ಡಬ್ಬಿಯೊಂದನ್ನು ನೆಲಕ್ಕೆ ಎರಡು ಬೆರಳಿನಷ್ಟು ಬಡಿದು, ಅಳೆದ ನೀರು ಹೊಯ್ದು, ಇಂಗಲು ಎಷ್ಟು ನಿಮಿಷ ಹಿಡಿಯಿತೆಂದು ಎಣಿಸಿದರೆ, ಟ್ರ್ಯಾಕ್ಟರಿನ ಗಾಲಿಯ ಜಾಡಿಗೂ ಸಾಲಿನ ನಡುವಿನ ನೆಲಕ್ಕೂ ಇರುವ ಅಂತರ ಗಡಿಯಾರದಲ್ಲಿಯೇ ತಿಳಿಯುತ್ತದೆ.

ಎರೆ ಸೀಮೆಯವರಾದರೆ ಪುಷ್ಯಮಾಸದಲ್ಲಿ ಜೋಳದ ಹೊಲಕ್ಕೂ ಒಮ್ಮೆ ಹೋಗಿ ಬನ್ನಿ. ಎಡೆಕುಂಟೆ ಹೊಡೆಯುವುದರಿಂದ ಹಸಿ ಉಳಿಯುತ್ತದೆಂದು ರೈತರು ಹೇಳುತ್ತಾರೆ. ಪುಡಿಮಣ್ಣು ನೀರಿನ ಏರಿಕೆಯನ್ನು ಕತ್ತರಿಸುವುದರಿಂದ ಹೀಗಾಗುತ್ತದೆಂದು ಹಿಂದಿನ ಪುಸ್ತಕಗಳು ವಿವರಿಸುತ್ತಿದ್ದವು. ಕಳೆ ನಾಶವಾಗುವುದೂ, ಬಿರುಕು ನೆಲದಲ್ಲಿ ಬಿರುಕಿನ ಬಾಯಿ ಮುಚ್ಚುವುದೂ ಅದಕ್ಕಿಂತ ದೊಡ್ಡ ಕಾರಣಗಳೆಂದು ಈಗ ತಿಳಿದಿದೆ. ತೆರೆದ ಬಿರುಕಿನ ಎರಡು ಗೋಡೆಗಳಿಂದಲೂ ಆಳದ ನೀರು ಗಾಳಿಗೆ ಹಾರಿಹೋಗುತ್ತಿರುತ್ತದೆ. ಎಡೆ ಹೊಡೆದ ಹೊಲದಲ್ಲಿಯೂ ಹೊಡೆಯದ ಹೊಲದಲ್ಲಿಯೂ ಹತ್ತು ಹತ್ತು ಬಿರುಕುಗಳನ್ನು ಆರಿಸಿ, ತೆಳುವಾದ ಜೋಳದ ದಂಟೊಂದನ್ನು ಅವುಗಳಲ್ಲಿ ಇಳಿಬಿಟ್ಟು, ಎಷ್ಟು ಗೇಣು ಇಳಿಯಿತೆಂದು ಅಳೆದು ನೋಡಿ.